ಆಯಿಲ್ ರಾಯರು

ನಮ್ಮ ಬಡಾವಣೆಯಲ್ಲಿ ಹೊಸ ಕಾರು ತಂದವರು ಎರಡು ಪೂಜೆ ಮಾಡಿಸಬೇಕು. ಒಂದು ಗಣಪತಿ ದೇವಸ್ಥಾನದಲ್ಲಿ, ಇನ್ನೊಂದು ಆಯಿಲ್ ರಾಯರ ಮುಂದೆ. ಮೊದಲನೆಯದು ನಾಲ್ಕು ನಿಂಬೆಹಣ್ಣಿನಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಬಾನೆಟ್ ತೆಗೆಯಬೇಕು.

ರಾಯರ ನಿಜವಾದ ಹೆಸರು ಗೇಟಿನ ಫಲಕದ ಮೇಲೆ ‘ಬಿ.ಇ. ಸಿವಿಲ್’ ಸಮೇತ ಕೆತ್ತಿದೆ. ಅದನ್ನು ಓದುವವನು ಪೋಸ್ಟ್‌ಮ್ಯಾನ್ ಒಬ್ಬನೇ. ಸರ್ಕಾರಿ ಎಂಜಿನಿಯರಾಗಿ ಮೂವತ್ತು ವರ್ಷ ರಸ್ತೆ ಹಾಕಿಸಿ ನಿವೃತ್ತರಾದವರು. ಆದರೆ ಅಪ್ಪಿತಪ್ಪಿಯೂ ರಸ್ತೆಯ ಮಾತೆತ್ತುವುದಿಲ್ಲ. ಎತ್ತಿದರೆ ನಮಗೂ ಕೇಳುವುದಕ್ಕೆ ಒಂದೆರಡು ಪ್ರಶ್ನೆಗಳಿವೆ. ಆಫೀಸಿನ ಜೀಪಿನ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಕೇಳಿ ಕಲಿತ ವಿದ್ಯೆಯೊಂದೇ ಅವರಿಗೆ ಉಳಿದಿರುವುದು. ಅದರ ಲಾಂಛನ ಎಂಬಂತೆ ಹಳೇ ಪಂಚೆಯ ಒಂದು ತುಂಡು, ನಾಲ್ಕು ಮಡಿಕೆಯಾಗಿ, ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ. ಡಿಪ್‌ಸ್ಟಿಕ್ ಒರೆಸುವುದಕ್ಕೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ಕಾರು ತಂದೆ. ಹಾರ ಇನ್ನೂ ಬಾಡಿರಲಿಲ್ಲ, ರಾಯರು ಹಾಜರು.

‘ಗಾಡಿ ಸಮತಟ್ಟಾಗಿ ನಿಲ್ಲಿಸಯ್ಯಾ. ಎಂಜಿನ್ ಆಫ್ ಮಾಡು. ಐದು ನಿಮಿಷ ಬಿಡು, ಎಣ್ಣೆ ಕೆಳಗಿಳೀಲಿ.’

ಇಷ್ಟು ಶಾಸ್ತ್ರೋಕ್ತವೇ, ತಕರಾರಿಲ್ಲ. ಐದು ನಿಮಿಷ ಅವರೂ ಬಾಗಿಲಲ್ಲೇ ನಿಂತರು, ಕಾಫಿ ತರಬೇಕಾಯಿತು. ಆಮೇಲೆ ಕಡ್ಡಿ ಎಳೆದರು, ಪಂಚೆಯಲ್ಲಿ ಒರೆಸಿದರು, ಮತ್ತೆ ಅದ್ದಿ ಎಳೆದು ಬಿಸಿಲಿಗೆ ಹಿಡಿದರು. ಎರಡು ಗುರುತುಗಳ ನಡುವೆ ಜೇನಿನ ಬಣ್ಣದ ಎಣ್ಣೆ. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಇಟ್ಟುಕೊಂಡು ತಿಕ್ಕಿ, ಬೆರಳು ಅಗಲಿಸಿ, ಒಂದೆಳೆ ಪಾಕ ಬಂತೇ ಎಂದು ನೋಡುವ ಅಡುಗೆ ಭಟ್ಟರ ಹಾಗೆ ಕಣ್ಣು ಕಿರಿದು ಮಾಡಿದರು. ಮೂಸಿದರು. ನಾಲಿಗೆಗೆ ಹಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಕಂಡವರು ಬೀದಿಯಲ್ಲಿ ಇದ್ದಾರೆ.

‘ಐನೂರು ಕಿಲೋಮೀಟರಿಗೆ ಚೆಲ್ಲಿಬಿಡು.’

‘ರಾಯರೇ, ಪುಸ್ತಕದಲ್ಲಿ 10,000 ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇದೆ.’

‘ಪುಸ್ತಕ ಬರೆದೋರು ಯಾರು?’

‘ಕಾರು ಮಾಡಿದವರೇ.’

‘ಹೂಂ, ಮತ್ತೆ!’ ಎಂದರು, ಕಳ್ಳ ಸಿಕ್ಕಿಬಿದ್ದ ಹಾಗೆ.

ಕಾರು ಮಾಡಿದವರಿಗಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬ್ರಹ್ಮಾಸ್ತ್ರ ಬಂತು. ‘ಹೊಸ ಒರಳು ತಂದರೆ ಮೊದಲನೇ ಸಲ ರುಬ್ಬಿದ್ದನ್ನ ತಿಂತೀಯೇನಯ್ಯಾ? ಕಲ್ಲುಪುಡಿ ಇರುತ್ತೆ ಅಂತ ಚೆಲ್ತೀಯೋ ಇಲ್ವೋ? ಇದೂ ಹಾಗೇ.’

ನನ್ನ ಹೆಂಡತಿ ಅಡುಗೆಮನೆಯಿಂದ ತಲೆಯಾಡಿಸಿದಳು. ಅಲ್ಲಿಗೆ ನಾನು ಸೋತೆ.

ನ್ಯಾಯವಾಗಿ ಹೇಳಬೇಕೆಂದರೆ ರಾಯರ ಮಾತು ಬುಡವಿಲ್ಲದ್ದಲ್ಲ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ತಿಕ್ಕಿಕೊಂಡು ಹೊಂದಿಕೊಳ್ಳಬೇಕು, ಹೊಸ ದಂಪತಿಗಳ ಹಾಗೆ. ಆ ತಿಕ್ಕಾಟದಲ್ಲಿ ಕಣ್ಣಿಗೆ ಕಾಣದಷ್ಟು ಲೋಹದ ಪುಡಿ ಎಣ್ಣೆಗೆ ಬೀಳುತ್ತದೆ. ಅಂಬಾಸಿಡರ್, ಫಿಯಟ್ ಕಾಲದಲ್ಲಿ ಕೆತ್ತನೆ ಒರಟು, ಪುಡಿಯೂ ಜಾಸ್ತಿ. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಚೀಟಿ ಅಂಟಿಸಿಕೊಂಡು, ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಂಡು, ಬಾಣಂತಿಯ ಹಾಗೆ ಕಾರು ಓಡಿಸುತ್ತಿದ್ದರು. ಮೊದಲ ಎಣ್ಣೆಯನ್ನು ಬೇಗ ಚೆಲ್ಲುವುದು ಆಗ ವಿವೇಕವೇ. ಈಗ ಸಿಲಿಂಡರಿನ ಒಳಮೈಗೆ ಯಂತ್ರವೇ ಸಣ್ಣ ಕತ್ತರಿಗೆರೆಗಳನ್ನು ಕೊರೆದು ನಯಮಾಡಿ ಕಳಿಸುತ್ತದೆ. ಉಳಿದ ಪುಡಿಯನ್ನು ಫಿಲ್ಟರ್ ಹಿಡಿದುಕೊಳ್ಳುತ್ತದೆ. ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಕಿರುಚಾಡಿಸದೆ, ಒಂದೇ ವೇಗಕ್ಕೆ ಅಂಟಿಕೊಳ್ಳದೆ ಓಡಿಸಿದರೆ ಸಾಕು. ಒರಳು ಹೋಗಿ ಗ್ರೈಂಡರ್ ಬಂದಿದೆ. ರಾಯರ ಜ್ಞಾನದ ಮೇಲೆ ಮಾತ್ರ ‘ರನ್ನಿಂಗ್ ಇನ್’ ಚೀಟಿ ಇನ್ನೂ ಹಾಗೇ ಇದೆ.

ಎಣ್ಣೆಯ ಡಬ್ಬದ ಮೇಲಿನ ಸಂಖ್ಯೆ ತೋರಿಸಿದ್ದು ನನ್ನ ಎರಡನೇ ತಪ್ಪು. ‘0ಡಬ್ಲ್ಯೂ-20! ಸೊನ್ನೆ ಅಂತೆ! ನಾವು 20-40 ಹಾಕ್ತಿದ್ವಿ. ಇದು ಎಣ್ಣೆಯಲ್ಲ ಕಣಯ್ಯಾ, ನೀರು.’ ಆ ಡಬ್ಲ್ಯೂ ಎಂದರೆ ವಿಂಟರ್. ಎಂಜಿನ್ ತಣ್ಣಗಿದ್ದಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಲೆಕ್ಕ. ಈಗಿನ ಎಂಜಿನ್ನುಗಳ ಸಂದುಗಳು ಕಿರಿದು, ತೆಳು ಎಣ್ಣೆಯೇ ಬೇಕು ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಮೈಸೂರಲ್ಲಿ ವಿಂಟರ್ ಎಲ್ಲಿದೆಯಯ್ಯಾ?’ ಎಂದರು.

ಅಂದಿನಿಂದ ಅವರು ನನ್ನ ಕ್ಷೇಮ ಕೇಳುವುದು ಬಿಟ್ಟು ಮೀಟರ್ ಕೇಳತೊಡಗಿದರು. ‘ಎಷ್ಟಾಯ್ತು?’ ‘ಮುನ್ನೂರ ಹತ್ತು.’ ‘ಎಷ್ಟಾಯ್ತು?’ ‘ನಾನೂರ ಎಂಬತ್ತು.’ ಐನೂರು ದಾಟಿದ ದಿನ ನಾನು ಹಿಂದಿನ ಬೀದಿಯಿಂದ ಮನೆ ಸೇರಿದೆ. ಆರುನೂರಾದಾಗ ಹಾಲಿನ ಬೂತ್‌ನಲ್ಲಿ ಸಿಕ್ಕಿಬಿದ್ದೆ. ‘ಹುಟ್ಟುಗೂದಲು ತೆಗೆಸದ ಮಗೂನ ಊರೆಲ್ಲ ತಿರುಗಿಸ್ತಿದೀಯ’ ಎಂದು ಹತ್ತು ಜನರ ಎದುರಿಗೆ ಅಂದರು. ನಿಜವಾದ ಮಗುವಿನ ಮಾತು ಅಂದುಕೊಂಡು ಹಾಲಿಗೆ ಬಂದ ಹೆಂಗಸೊಬ್ಬಳು ಮರುಗಿದಳು.

ಸಾವಿರಕ್ಕೆ ಮೊದಲ ಉಚಿತ ಸರ್ವಿಸ್. ರಾಯರು ಮುಂದಿನ ಸೀಟಿನಲ್ಲಿ ಕೂತೇ ಬಂದರು. ಸರ್ವಿಸ್ ಸೆಂಟರಿನ ಹುಡುಗ ಟ್ಯಾಬ್ ನೋಡಿಕೊಂಡು, ‘ಇವತ್ತು ಬರೀ ಚೆಕಪ್ ಸರ್. ಆಯಿಲ್ 10,000ಕ್ಕೆ’ ಎಂದ. ರಾಯರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ನಿಮ್ಮೂರು ಯಾವುದಪ್ಪಾ? ಮನೇಲಿ ಒರಳಿದೆಯಾ?’ ಎಂದು ಶುರುಮಾಡಿದರು. ಕಾಲು ಗಂಟೆಯಲ್ಲಿ ಹುಡುಗ ಬೆವರಿದ, ನಾನು ಒಪ್ಪಿಕೊಂಡೆ. ಉಚಿತ ಎಂದರೆ ಕೂಲಿ ಮಾತ್ರ ಉಚಿತ. ಮೂರು ಲೀಟರಿನಷ್ಟು ಎಣ್ಣೆ, ಫಿಲ್ಟರ್, ಕೆಳಗಿನ ಬೋಲ್ಟಿನ ಹೊಸ ವಾಷರ್ ಸೇರಿ ಎರಡು ಸಾವಿರದ ಚಿಲ್ಲರೆ ಕಟ್ಟಿದೆ. ಇಳಿಸಿದ ಎಣ್ಣೆ ಇನ್ನೂ ಬೆಲ್ಲದ ಪಾನಕದ ಹಾಗಿತ್ತು.

‘ಅದನ್ನ ಒಂದು ಕ್ಯಾನಿಗೆ ತುಂಬಿಸಿಕೊಡಪ್ಪಾ’ ಎಂದರು ರಾಯರು. ‘ಗೇಟು ಕಿರುಗುಟ್ಟುತ್ತೆ.’

ಒಂದು ಗೇಟಿಗೆ ಮೂರು ಲೀಟರೇ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಆಯುಧಪೂಜೆಯ ಹಿಂದಿನ ದಿನ ಚಂದಾ ಕೊಡಲು ಅವರ ಮನೆಗೆ ಹೋದೆ. ಗೇಟು ಎಂದಿನಂತೆ ಕಿರುಗುಟ್ಟಿತು. ಒಳಗೆ ರಾಯರ 2004ರ ಮಾರುತಿ 800ರ ಬಾನೆಟ್ ತೆರೆದಿದೆ. ಕೆಳಗೆ ಗ್ಯಾರೇಜಿನ ಹುಡುಗ ಮಲಗಿದ್ದಾನೆ. ಆ ಕಾರು ದೇವಸ್ಥಾನಕ್ಕೆ, ಪೆನ್ಷನ್ನಿನ ಬ್ಯಾಂಕಿಗೆ ಬಿಟ್ಟರೆ ಎಲ್ಲಿಗೂ ಹೋಗದು. ವರ್ಷಕ್ಕೆ ನಾನೂರು ಕಿಲೋಮೀಟರ್ ಓಡಿದರೆ ಹೆಚ್ಚು. ಎಣ್ಣೆ ಹಾಕುವ ಮುಚ್ಚಳ ಪಕ್ಕದಲ್ಲಿ ಬೋರಲಾಗಿತ್ತು. ತಿರುಗಿಸಿದೆ. ಒಳಗೆ ಆಗಷ್ಟೇ ಕಡೆದು ತೆಗೆದಂಥ ಬೆಣ್ಣೆ! ನಾಲ್ಕು ಹೆಜ್ಜೆ ಓಡಿ ನಿಲ್ಲುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಒಳಗೆ ಕೂತ ನೀರಿನ ಪಸೆ ಆವಿಯಾಗದೆ ಎಣ್ಣೆಯೊಂದಿಗೆ ಕಲೆತು ಹೀಗಾಗುತ್ತದೆ. ಅದಕ್ಕೇ ಪುಸ್ತಕದವರು ಕಿಲೋಮೀಟರಿನ ಪಕ್ಕದಲ್ಲಿ ತಿಂಗಳನ್ನೂ ಬರೆಯುವುದು. ಬಾಗಿಲಿನ ಒಳಮೈಯಲ್ಲಿ ಹಳೇ ಚೀಟಿ: ‘17-10-2018. ಮುಂದಿನ ಆಯಿಲ್ 36,500.’ ಮೀಟರಿನಲ್ಲಿ 34,212.

ಹುಡುಗ ಬೋಲ್ಟ್ ಬಿಚ್ಚಿದ. ಬಾಂಡಲಿಗೆ ಇಳಿದದ್ದು ಡಾಂಬರು. ರಾಯರು ಹಾಕಿಸಿದ ರಸ್ತೆಗಳಿಗೆ ಇದರ ಅರ್ಧ ಗಟ್ಟಿ ಡಾಂಬರು ಬಿದ್ದಿದ್ದರೂ ಇವತ್ತಿಗೂ ಇರುತ್ತಿದ್ದವು.

ಪಕ್ಕದಲ್ಲಿ ನನ್ನ ಕ್ಯಾನು. ಅದರ ಬಾಯಿಗೆ ಆ ಪಂಚೆಯ ತುಂಡು ಕಟ್ಟಿತ್ತು.

‘ರಾಯರೇ, ಇದು ನನ್ನ ಎಣ್ಣೆಯಲ್ಲವೇ?’

‘ಹೂಂ ಕಣಯ್ಯಾ.’

‘ಮತ್ತೆ ಕಲ್ಲುಪುಡಿ?’

‘ಸೋಸ್ತಿದೀನಲ್ಲ.’

‘ನೀರು ಅಂದಿರಿ?’

‘ಹಳೇ ಗಾಡಿ. ತೆಳ್ಳಗಿದ್ದರೆ ಜೀರ್ಣ ಆಗುತ್ತೆ.’ ಕ್ಯಾನನ್ನು ಪ್ರೀತಿಯಿಂದ ಬಗ್ಗಿಸುತ್ತ ನನ್ನ ಕಡೆ ತಿರುಗಿದರು. ‘ಒಂದು ಸಾವಿರ ಓಡಿದೆ ಅಷ್ಟೇ. ಇನ್ನೂ ಒಂಬತ್ತು ಸಾವಿರ ಬಾಕಿ ಇದೆ. ನಿನ್ನ ಪುಸ್ತಕದಲ್ಲೇ ಬರೆದಿದೆಯಲ್ಲಯ್ಯಾ!’