ಕಾಂಟೂರಪ್ಪನವರ ಫೀಲ್ಡ್‌ವರ್ಕ್

ವೈಟ್‌ಫೀಲ್ಡಿನ ಯಾವ ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರೂ ಮ್ಯಾರಥಾನ್ ಓಡುವವರೊಬ್ಬರು, ಬಾಲ್ಕನಿಯಲ್ಲಿ ಟೊಮ್ಯಾಟೊ ಬೆಳೆದು ಫೋಟೊ ಹಾಕುವವರೊಬ್ಬರು, ಪಾರ್ಕಿಂಗ್ ಜಗಳಕ್ಕೆಂದೇ ಬೇಗ ನಿವೃತ್ತಿ ತೆಗೆದುಕೊಂಡವರೊಬ್ಬರು ಇದ್ದೇ ಇರುತ್ತಾರೆ. ಈಚೆಗೆ ಈ ಸಾಲಿಗೆ ಇನ್ನೊಬ್ಬರು ಸೇರಿದ್ದಾರೆ. ಸಾಫ್ಟ್‌ವೇರ್ ಕೆಲಸ ಬಿಡದೆ, ನಲವತ್ತೈದು ದಾಟಿದ ಮೇಲೆ, ದೂರಶಿಕ್ಷಣದಲ್ಲಿ ಭೂಗೋಳಶಾಸ್ತ್ರದ ಎಂ.ಎಸ್ಸಿ. ಕಟ್ಟಿದವರು. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಬ್ಲಾಕಿನಲ್ಲಿ ಅವರು ಕಾಂಟೂರಪ್ಪನವರು.

ಗುರುತು ಹಿಡಿಯುವುದು ಕಷ್ಟವಲ್ಲ. ಆಫೀಸಿನ ಗೇಟಿನಲ್ಲಿ ಎಲ್ಲರ ಬ್ಯಾಗಿನಿಂದಲೂ ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ ಹೊರಬಂದರೆ ಇವರ ಬ್ಯಾಗಿನಿಂದ ಹಿತ್ತಾಳೆಯ ದಿಕ್ಸೂಚಿಯೂ ಬರುತ್ತದೆ. “ಏನ್ ಸಾರ್ ಇದು?” ಎಂದು ಸೆಕ್ಯೂರಿಟಿಯವನು ಕೇಳಿದರೆ ಬೇರೆಯವರಾದರೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇವರು ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸದಿಂದ ಆರಂಭಿಸುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ.

ಹುಚ್ಚು ಹತ್ತಿದ್ದು ಮಗಳಿಂದ. ಐಎಎಸ್ ಪರೀಕ್ಷೆಗೆ ಭೂಗೋಳವನ್ನು ಐಚ್ಛಿಕ ವಿಷಯ ಮಾಡಿಕೊಳ್ಳುತ್ತೇನೆಂದು ಸವೀಂದ್ರ ಸಿಂಗರ ದಪ್ಪ ಪುಸ್ತಕ ತರಿಸಿಕೊಂಡ ಹುಡುಗಿ, ಎರಡನೇ ಅಧ್ಯಾಯಕ್ಕೇ ಮನಸ್ಸು ಬದಲಿಸಿ ಎಂಬಿಎ ಸೇರಿದಳು. ಪುಸ್ತಕ ಊಟದ ಮೇಜಿನ ಮೇಲೆ ಉಳಿಯಿತು. ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ಎಂಜಿನಿಯರಿಂಗ್ ಎಂದು ಒಂದೇ ದಾರಿಯಲ್ಲಿ ನೂಕಿಸಿಕೊಂಡು ಬಂದ ಅಪ್ಪನಿಗೆ ಭೂಗೋಳವೆಂದರೆ ಹೈಸ್ಕೂಲಿನ ರಾಜಧಾನಿಗಳ ಪಟ್ಟಿ ಅಷ್ಟೇ ಆಗಿತ್ತು. ಬೆಟ್ಟಕ್ಕೊಂದು ಚರಿತ್ರೆಯಿದೆ, ಕಣಿವೆಗೊಂದು ಕಾರಣವಿದೆ ಎಂದು ಆಗ ಯಾರೂ ಹೇಳಿರಲಿಲ್ಲ. ಅಮೆರಿಕದ ವಿಲಿಯಂ ಮಾರಿಸ್ ಡೇವಿಸ್ 1899ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಭೂಸ್ವರೂಪಗಳಿಗೂ ತಾರುಣ್ಯ, ಪ್ರೌಢಾವಸ್ಥೆ, ಮುಪ್ಪು ಇವೆ ಎಂದು ಓದಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ, “ನದಿಗೂ ವಯಸ್ಸಾಗುತ್ತೆ ಕಣೇ!” ಎಂದರು. “ನಿಮಗೂ ಆಗಿದೆ. ಬಿ.ಪಿ. ಮಾತ್ರೆ ತಗೊಂಡು ಮಲಗಿ ಅಂದ್ರೆ,” ಎಂದು ಆಕೆ ಮಗ್ಗುಲಾದರು. ಡೇವಿಸನ ಸಿದ್ಧಾಂತವನ್ನು ನಂತರದವರು ಚೆನ್ನಾಗಿಯೇ ಜಾಲಾಡಿದ್ದಾರೆ. ಆದರೆ ಆ ಪಾಠಕ್ಕೆ ಬರುವ ಹೊತ್ತಿಗೆ ಇವರು ಫೀಸು ಕಟ್ಟಿಯಾಗಿತ್ತು.

ಕೋರ್ಸಿನ ಮೊದಲ ಪ್ರಾಕ್ಟಿಕಲ್ ಟೋಪೋಶೀಟ್ ಓದುವುದು. ಸರ್ವೆ ಆಫ್ ಇಂಡಿಯಾದ ಹಳೆಯ ಕ್ರಮಾಂಕದಲ್ಲಿ ವೈಟ್‌ಫೀಲ್ಡ್ ಹುಡುಕಿದವರಿಗೆ ಒಂದು ತಮಾಷೆ ಕಾದಿರುತ್ತದೆ. 77 ಡಿಗ್ರಿ 45 ಮಿನಿಟಿನ ರೇಖಾಂಶ ಊರನ್ನು ಸೀಳಿಕೊಂಡು ಹೋಗುವುದರಿಂದ ಐಟಿಪಿಎಲ್ 57 ಎಚ್/9 ಹಾಳೆಯಲ್ಲಿದ್ದರೆ ವೈಟ್‌ಫೀಲ್ಡ್ ರೈಲು ನಿಲ್ದಾಣ ಪಕ್ಕದ 57 ಎಚ್/13ರಲ್ಲಿದೆ. 13 ಡಿಗ್ರಿ ಅಕ್ಷಾಂಶವೂ ಕಾಡುಗೋಡಿಯ ಪಕ್ಕದಲ್ಲೇ ಹಾಯುವುದರಿಂದ ಹೊಸಕೋಟೆಯ ಕಡೆ ನೋಡಬೇಕೆಂದರೆ ಮೇಲಿನ ಎರಡು ಹಾಳೆಗಳೂ ಬೇಕು. ನಾಲ್ಕನ್ನೂ ಟೇಪಿನಲ್ಲಿ ಅಂಟಿಸಿ ಹಾಲಿನ ಗೋಡೆಗೆ ಹೊಡೆದದ್ದರಿಂದ ಟಿ.ವಿ. ಬೆಡ್‌ರೂಮಿಗೆ ಹೋಯಿತು. ಬಂದ ನೆಂಟರು ಸೋಫಾದಲ್ಲಿ ಕೂರುವ ಮುಂಚೆ ತಮ್ಮ ಊರು ಯಾವ ಹಾಳೆಯಲ್ಲಿ ಬೀಳುತ್ತದೆಂದು ಕೇಳಿಸಿಕೊಳ್ಳಬೇಕು.

ಶನಿವಾರ ಜ್ಞಾನಭಾರತಿಯ ಕಡೆಗೆ ಸವಾರಿ. ಬೆಂಗಳೂರು ವಿಶ್ವವಿದ್ಯಾಲಯದ ಭೂಗೋಳ ವಿಭಾಗ ಇರುವುದು ಅಲ್ಲೇ. 2023ರಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಕಾಡುಗೋಡಿಯಲ್ಲಿ ಹತ್ತಿ ಜ್ಞಾನಭಾರತಿಯಲ್ಲಿ ಇಳಿದರಾಯಿತು. ಬೇರೆಯವರಿಗೆ ಅದು ನಿದ್ದೆಯ ಹೊತ್ತು, ಇವರಿಗೆ ಕ್ಷೇತ್ರಕಾರ್ಯ. ಪಕ್ಕದಲ್ಲಿ ಕೂತವರ ದುರದೃಷ್ಟ ಅಲ್ಲಿಂದ ಶುರು. “ನೋಡಿ ಸಾರ್, ಹತ್ತಿದ ಕಡೆ ಬಿದ್ದ ಮಳೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತೆ. ಇಳಿಯೋ ಕಡೆ ಬಿದ್ದದ್ದು ವೃಷಭಾವತಿ, ಅರ್ಕಾವತಿ ಅಂತ ಹೋಗಿ ಕಾವೇರಿ ಸೇರುತ್ತೆ. ಮಧ್ಯದ ದಿಬ್ಬವೇ ಜಲವಿಭಾಜಕ.” ಮಾತು ಅಕ್ಷರಶಃ ನಿಜ. ಬೆಂಗಳೂರು ದೊಡ್ಡ ನದಿಯ ದಡದಲ್ಲಿಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರು ಎತ್ತರದ ಏಣಿನ ಮೇಲೆ ಕೂತು ಎರಡೂ ಕಡೆಗೆ ನೀರು ಚೆಲ್ಲುತ್ತದೆ. ಕಷ್ಟವೇನೆಂದರೆ ಆ ಏಣು ಬರುವುದು ಊರಿನ ನಡುವೆ, ರೈಲು ಸುರಂಗದೊಳಗೆ ಇರುವಾಗ. “ಈಗ ದಾಟಿದೆವು!” ಎಂದು ಕಾಂಟೂರಪ್ಪನವರು ಕಿಟಕಿ ತೋರಿಸಿದರೆ ಕಾಣುವುದು ಕತ್ತಲೆ ಮತ್ತು ಗಾಜಿನಲ್ಲಿ ಅವರದೇ ಮುಖ.

ಪ್ರವಾಸದಲ್ಲಿ ಇವರ ಜೊತೆ ಹೋಗುವವರು ಯೋಚಿಸಿ ಹೋಗಬೇಕು. 1478 ಮೀಟರಿನ ನಂದಿಬೆಟ್ಟದ ಮೇಲೆ ಟೀಮಿನವರೆಲ್ಲ ಸೂರ್ಯೋದಯಕ್ಕೆ ಮುಖ ಮಾಡಿ ನಿಂತರೆ ಇವರು ಸೂರ್ಯನಿಗೆ ಬೆನ್ನು ಹಾಕಿ, ಬಂಡೆ ಪದರಪದರವಾಗಿ ಸಿಪ್ಪೆ ಬಿಡುವುದನ್ನು ಸವರುತ್ತಿರುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋದರೆ ಗಾಜಿನಮನೆಗೆ ಹೋಗಲೊಲ್ಲರು. ಕೆಂಪೇಗೌಡ ಗೋಪುರದ ಕೆಳಗಿನ ಬಂಡೆ ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್, ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದ್ದಾರೆ, ಹೂವು ಹತ್ತು ದಿನಕ್ಕೆ ಬಾಡುತ್ತದೆ ಎಂಬುದು ವಾದ. ಈ ವಾದವನ್ನು ಗೆಲ್ಲಲು ಇವರ ಮನೆಯವರು ಇನ್ನೂ ದಾರಿ ಹುಡುಕುತ್ತಿದ್ದಾರೆ.

ಆಫೀಸಿಗೂ ಸಿಲಬಸ್ ಬಂದಿದೆ. ಹಳ್ಳಗಳನ್ನು ದರ್ಜೆಗೊಳಿಸುವ ಸ್ಟ್ರಾಲರ್ ಕ್ರಮದಲ್ಲಿ ಎರಡು ಒಂದನೇ ದರ್ಜೆಯ ತೊರೆಗಳು ಸೇರಿದರೆ ಎರಡನೇ ದರ್ಜೆ. ಎರಡನೆಯದಕ್ಕೆ ಮತ್ತೊಂದು ಒಂದನೆಯದು ಬಂದು ಬಿದ್ದರೆ ದರ್ಜೆ ಏರದು. “ನಮ್ಮ ಮ್ಯಾನೇಜರೂ ಅಷ್ಟೇ. ಎಷ್ಟು ಜನ ಕೆಳಗೆ ಬಂದು ಸೇರಿದರೂ ಅವರು ಎರಡನೇ ದರ್ಜೆಯೇ,” ಎಂದು ಕ್ಯಾಂಟೀನಿನಲ್ಲಿ ಬಿಡಿಸಿ ಹೇಳಿದರು. ಮಾತು ಮ್ಯಾನೇಜರ ಕಿವಿಗೂ ಹರಿದುಹೋಯಿತು. ಆ ವರ್ಷದ ಅಪ್ರೈಸಲ್ ಬಗ್ಗೆ ಅವರು ಮಾತಾಡುವುದಿಲ್ಲ.

ಇವರ ಸೊಕ್ಕು ಮುರಿದದ್ದು ಪೀಣ್ಯದಲ್ಲಿ. ದಿಕ್ಸೂಚಿ ಹಿಡಿದು ಒಂದು ಸುತ್ತು ಮೋಜಣಿ ಮಾಡಿ, ಹೊರಟ ಬಿಂದುವಿಗೇ ಬಂದು ಸೇರಬೇಕು. ಇವರು ಆರಿಸಿಕೊಂಡದ್ದು ಕೈಗಾರಿಕಾ ಪ್ರದೇಶದ ಒಂದು ಚೌಕ. ಅರ್ಧ ದಿನ ಬಿಸಿಲಲ್ಲಿ ಕೋನ ಬರೆದುಕೊಂಡು ಹಾಳೆಯ ಮೇಲೆ ಎಳೆದರೆ ಆಕೃತಿ ಕೂಡಲೇ ಇಲ್ಲ. ಕೊನೆಯ ಗೆರೆ ಮೊದಲನೆಯದರಿಂದ ದೂರ, ಯಾರದೋ ಶೆಡ್ಡಿನೊಳಗೆ ಹೋಗಿ ನಿಂತಿತು. ಸಹಪಾಠಿ ಹುಡುಗಿಯೊಬ್ಬಳು, ಚಿಂತಾಮಣಿ ಕಡೆಯವಳು, ಸರ್ಕಾರಿ ಕಾಲೇಜಿನಲ್ಲಿ ಡಿಗ್ರಿಗೇ ಭೂಗೋಳ ಓದಿ ಈಗ ನಕ್ಷೆ ಡಿಜಿಟೈಸ್ ಮಾಡುವ ಕೆಲಸದಲ್ಲಿರುವವಳು, ಒಮ್ಮೆ ಸುತ್ತ ನೋಡಿ, “ಸಾರ್, ಎಡಗಡೆ ಫೌಂಡ್ರಿ, ಬಲಗಡೆ ಸಿಎನ್‌ಸಿ ಶಾಪು, ಮೇಲೆ ಹೈಟೆನ್ಷನ್ ಲೈನು. ಮುಳ್ಳು ಪಾಪ ಯಾವ ಕಡೆ ಅಂತ ತಿರುಗುತ್ತೆ?” ಎಂದಳು. ಪುಸ್ತಕದಲ್ಲಿ ಇದಕ್ಕೆ ಸ್ಥಳೀಯ ಆಕರ್ಷಣೆ ಎನ್ನುತ್ತಾರೆ. ಆ ಪುಟಕ್ಕೆ ಕಾಂಟೂರಪ್ಪನವರು ಹಳದಿ ಬಣ್ಣ ಬಳಿದಿದ್ದರು ಕೂಡ. ಇಂಥ ಹುಡುಗ ಹುಡುಗಿಯರು ಇವರನ್ನು ಗೌರವದಿಂದಲೇ ಕಾಣುತ್ತಾರೆ, ರೆಕಾರ್ಡ್ ಬುಕ್ಕಿನ ಚಿತ್ರವನ್ನು ಮಾತ್ರ ತಮಗಿಂತ ಮೊದಲು ತೋರಿಸಲು ಬಿಡುವುದಿಲ್ಲ.

ಇಷ್ಟು ನಗೆಪಾಟಲಾದ ಮನುಷ್ಯನಿಗೂ ಒಂದು ಕಾಲ ಬರುತ್ತದೆ. ಅದು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಒಂದೇ ರಾತ್ರಿಯ ಮಳೆಗೆ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು. ಮಾರನೆಯ ಭಾನುವಾರ ಅಸೋಸಿಯೇಷನ್ ಸಭೆಯಲ್ಲಿ ಕಾಂಟೂರಪ್ಪನವರು ಅರವತ್ತು ಸ್ಲೈಡು ತಂದರು, ಐದು ನಿಮಿಷ ಸಿಕ್ಕಿತು. ಆ ಐದು ನಿಮಿಷದಲ್ಲಿ ಹೇಳಿದ್ದು ಅಷ್ಟೂ ಸರಿಯಾಗಿತ್ತು. ಇಲ್ಲಿನ ಕೆರೆಗಳು ಬಿಡಿ ಕೆರೆಗಳಲ್ಲ, ಸರಣಿ. ಮೇಲಿನದು ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನದಕ್ಕೆ. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಡುವೆ ಕಾಲುವೆ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ನಮ್ಮ ಬೇಸ್‌ಮೆಂಟಿನ ದಾರಿ ಹಿಡಿಯುತ್ತದೆ. ಟೋಪೋಶೀಟಿನಲ್ಲಿ ಸಮೋನ್ನತಿ ರೇಖೆಗಳ, ಅಂದರೆ ಕಾಂಟೂರುಗಳ, ನಡುವಿನ ಎತ್ತರದ ಅಂತರ 20 ಮೀಟರು. ಮನೆ ಮುಳುಗಿಸಲು ಒಂದು ಮೀಟರು ಸಾಕು. ಹಾಗಾಗಿ ನಕ್ಷೆಯಲ್ಲಿ ಚಪ್ಪಟೆಯಾಗಿ ಕಂಡ ಜಾಗವೇ ಮೋಸ ಮಾಡುತ್ತದೆ.

ಸಭೆ ಮೊದಲ ಸಲ ಮೌನವಾಗಿ ಕೇಳಿತು. ಕಾರ್ಯದರ್ಶಿಗಳು ಎದ್ದು ನಿಂತು ವಂದಿಸಿದರು. ಸಂಜೆಗೆ ಅವರದೇ ಮೆಸೇಜು ಬಂತು: “ಸಾರ್, ನಕ್ಷೆ ಬಹಳ ಚೆನ್ನಾಗಿದೆ. ಗ್ರೂಪಿನಿಂದ ಡಿಲೀಟ್ ಮಾಡಿಬಿಡಿ. ರೀಸೇಲ್ ವ್ಯಾಲ್ಯೂ ಬಿದ್ದುಹೋಗುತ್ತೆ.”

ಡಿಲೀಟಾಯಿತು. ಅಂದಿನಿಂದ ಇವರ ಫೋನಿಗೆ ಬಿಡುವಿಲ್ಲ. ಗ್ರೂಪಿನಲ್ಲಿ ಹೆಬ್ಬೆರಳಿನ ಗುರುತೂ ಹಾಕದವರು ರಾತ್ರಿ ಹತ್ತರ ಮೇಲೆ ಖಾಸಗಿಯಾಗಿ ಕೇಳುತ್ತಾರೆ: “ಸಾರ್, ಅತ್ತಿಬೆಲೆ ಕಡೆ ಒಂದು ಸೈಟ್ ನೋಡಿದೀವಿ. ಲೊಕೇಶನ್ ಕಳಿಸಲಾ? ಯಾರಿಗೂ ಹೇಳಬೇಡಿ.” ಕನ್ಸಲ್ಟೆನ್ಸಿ ಫೀಸು ತೆಗೆದುಕೊಂಡಿದ್ದರೆ ಕಾಂಟೂರಪ್ಪನವರು ಇಷ್ಟರಲ್ಲಿ ಕೆಲಸ ಬಿಡಬಹುದಿತ್ತು. ಅವರು ಕೇಳುವುದು ಒಂದು ಗಂಟೆ ಹೊತ್ತು ಮತ್ತು ಕೇಳುವ ಕಿವಿ.

ಅಷ್ಟು ಹೊತ್ತಿಲ್ಲದವರು ತಾವೇ ನೋಡಿಕೊಳ್ಳಬಹುದು. ಸರ್ವೆ ಆಫ್ ಇಂಡಿಯಾದ ಹಾಳೆಗಳು 2017ರಿಂದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೆರೆ, ಕಾಲುವೆಗಳನ್ನು ಸರ್ವೆ ನಂಬರಿನ ಸಮೇತ ತೋರಿಸುವ ಗ್ರಾಮ ನಕ್ಷೆ ರಾಜ್ಯದ ಭೂದಾಖಲೆಗಳ ತಾಣದಲ್ಲಿದೆ. ಬುಕಿಂಗ್ ಹಣ ಕಟ್ಟುವ ಮುಂಚೆ ಎರಡನ್ನೂ ಇಳಿಸಿಕೊಳ್ಳಿ. ಬಿಲ್ಡರ್ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ‘ಲೇಕ್ ವ್ಯೂ’ ಎಂದಿದ್ದರೆ, ಕೆರೆ ಎಷ್ಟು ದೂರದಿಂದ ಕಾಣುತ್ತದೆ ಎಂದು ಮೊದಲು ಕೇಳಿ.