ತ್ರುಟಿತ ಮಹನೀಯರು: ಒಂದು ತಾಲ್ಲೂಕಿನ ಫ್ಲೆಕ್ಸ್ ಶಾಸನಗಳ ಅಧ್ಯಯನ

ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಹೊರತಂದಾಗ ಅವರ ಮುಂದಿದ್ದದ್ದು ಕಲ್ಲು ಮತ್ತು ತಾಮ್ರ. ಅನಂತರದ ಅರಸರು ಬರೆಸಿದ್ದು ಪ್ಲಾಸ್ಟಿಕ್ಕಿನ ಮೇಲೆ. ಈ ಶಾಸನಗಳ ಕಡೆ ನಮ್ಮ ವಿದ್ವಾಂಸರು ಕತ್ತೆತ್ತಿ ನೋಡಿಲ್ಲ. ಕತ್ತೆತ್ತಿದರೆ ಸ್ಕೂಟರು ಗುಂಡಿಗೆ ಇಳಿಯುತ್ತದೆಂಬುದೂ ಒಂದು ಕಾರಣವಿರಬಹುದು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ್ದರಿಂದ, ಆಮೇಲಿನ ಶಾಸನಗಳು ಕಾನೂನಿನ ದೃಷ್ಟಿಯಲ್ಲಿ ಇಲ್ಲವೇ ಇಲ್ಲ. ನನ್ನ ಸಂಗ್ರಹದಲ್ಲಿ ಹೆಚ್ಚಿನವು ಈ ಇಲ್ಲದ ವರ್ಗಕ್ಕೇ ಸೇರಿದವು.

ಶಾಸನಸ್ಥ ನಾಯಕರ ಹೆಸರು ಎಲ್ಲ ಪ್ರತಿಗಳಲ್ಲೂ ತ್ರುಟಿತ. ಸರ್ವೆ ಗಳಕ್ಕೆ ಕಟ್ಟಿದ ಫ್ಲೆಕ್ಸ್ ಗಾಳಿಗೆ ಮೊದಲು ಹರಿಯುವುದೇ ಎಡಮೂಲೆಯಲ್ಲಿ. ಹೀಗಾಗಿ ಉಳಿದಿರುವುದು ‘…ಣ್ಣನವರು’ ಎಂಬಷ್ಟೇ. ನಮ್ಮ ತಾಲ್ಲೂಕಿನ ಅರ್ಧ ಗಂಡಸರಿಗೆ ಈ ಪಾಠ ಹೊಂದುವುದರಿಂದ ಊಹೆಗೆ ಕೈಹಾಕಿಲ್ಲ.

ಅತಿ ಪ್ರಾಚೀನ ಪ್ರತಿ ಸಿಕ್ಕಿದ್ದು ಒಂದು ಹುಲ್ಲಿನ ಬಣವೆಯ ಮೇಲೆ. ಗಣೇಶೋತ್ಸವಕ್ಕೆ ಶುಭ ಕೋರುವವರ ಸಾಲಿನಲ್ಲಿ, ಅಂಚೆಚೀಟಿಯಷ್ಟು ಅಗಲದ ಜಾಗದಲ್ಲಿ …ಣ್ಣನವರು ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಾರೆ. ಬಿರುದು ಇನ್ನೂ ‘ಯುವ ಮುಖಂಡರು’. ಮೀಸೆಯ ಆಧಾರದಿಂದ ವಯಸ್ಸು ಇಪ್ಪತ್ತೆರಡಿರಬಹುದು. ಇದೇ ಬಿರುದು ನಲವತ್ತೆಂಟನೆಯ ವಯಸ್ಸಿನ ಪ್ರತಿಯಲ್ಲೂ ಇರುವುದರಿಂದ, ಇಲ್ಲಿ ‘ಯುವ’ ಎಂಬುದು ಪ್ರಾಯವಾಚಕವಲ್ಲ, ‘ಇನ್ನೂ ಏನೂ ಸಿಕ್ಕಿಲ್ಲ’ ಎಂಬ ಅರ್ಥದ ಪಾರಿಭಾಷಿಕ ಪದವೆಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರು ವಾದಿಸುತ್ತಾರೆ. ಒಪ್ಪತಕ್ಕ ಮಾತು.

ರಚನೆಯಲ್ಲಿ ಫ್ಲೆಕ್ಸಿಗೂ ವೀರಗಲ್ಲಿಗೂ ಹತ್ತಿರದ ನಂಟಿದೆ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಫ್ಲೆಕ್ಸಿನ ಮೇಲ್ಪಟ್ಟಿಕೆಯಲ್ಲಿ ಹೈಕಮಾಂಡಿನವರು ದುಂಡನೆಯ ಪ್ರಭಾವಳಿಗಳೊಳಗೆ ಕುಳಿತಿರುತ್ತಾರೆ, ಯಾರ ವೃತ್ತ ಎಷ್ಟು ದೊಡ್ಡದೆಂಬುದರ ಮೇಲೆ ಆಯಾ ತಿಂಗಳ ಬಣ ರಾಜಕೀಯವನ್ನು ಲೆಕ್ಕ ಹಾಕಬಹುದು. ನಡುಪಟ್ಟಿಕೆಯಲ್ಲಿ ನಾಯಕರು. ಭಂಗಿಗಳು ಎರಡೇ: ಕೈಮುಗಿದು ನಡೆದು ಬರುವುದು, ಮತ್ತು ಮೊಬೈಲನ್ನು ಕಿವಿಗೆ ಹಿಡಿದು ದೂರ ನೋಡುವುದು. ಎರಡನೆಯದನ್ನು ನಾನು ‘ದೂರವಾಣೀಮುದ್ರೆ’ ಎಂದು ಕರೆದಿದ್ದೇನೆ. ಆ ತುದಿಯಲ್ಲಿ ಯಾರಿದ್ದಾರೆಂಬುದು ಇನ್ನೂ ನಿರ್ಣಯವಾಗಿಲ್ಲ. ಕೆಳಪಟ್ಟಿಕೆಯ ಅಭಿಮಾನಿಗಳೇ ಖರ್ಚು ಹಾಕಿದವರಾದ್ದರಿಂದ ಕಾಳಗ ಅಲ್ಲೇ ನಡೆದಿರುತ್ತದೆ. ವೀರಗಲ್ಲಿಗೆ ವೀರ ಸತ್ತಿರಬೇಕು, ಫ್ಲೆಕ್ಸಿಗೆ ಅವನ ಹುಟ್ಟುಹಬ್ಬ ಬಂದರೆ ಸಾಕು.

ಗ್ರಾಮ ಪಂಚಾಯಿತಿ ಕಾಲದ ಪ್ರತಿಯಲ್ಲಿ ಪಕ್ಷದ ಬಣ್ಣವಿಲ್ಲ. ಆ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಹಾಗಾಗಿ ಸದಸ್ಯರೆಲ್ಲ ಗೆದ್ದ ಸಂಜೆ ಎರಡು ಮೂರು ಪಕ್ಷಗಳ ಬೆಂಬಲಿಗರು. ಬಳಿಕ ನಮ್ಮವರು ಜಿಲ್ಲಾ ಪಂಚಾಯಿತಿಗೆ ಏರಿದರು. ಅದರ ಅವಧಿ 2021ಕ್ಕೆ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಬಾರದೆ, ಸೋಲದೆಯೂ ‘ಮಾಜಿ’ ಎನಿಸಿಕೊಂಡರು. ಈ ಕಾಲಘಟ್ಟದ ಫ್ಲೆಕ್ಸುಗಳಲ್ಲಿ ‘ಮಾಜಿ’ಯ ಅಕ್ಷರ ಸೊಳ್ಳೆಯಷ್ಟು, ‘ಸದಸ್ಯರು’ ಎಮ್ಮೆಯಷ್ಟು.

ಆಮೇಲಿನದು ಬಿ ಫಾರಂ ಯುಗ. ‘ನಮ್ಮ ಮುಂದಿನ ಶಾಸಕರು’ ಎಂಬ ಬಿರುದು ಈಗ ಮೊದಲ ಸಲ ಕಾಣುತ್ತದೆ. ರಾಜ್ಯದ 224 ಕ್ಷೇತ್ರಗಳಿಗೆ ಮುಂದಿನ ಶಾಸಕರು ಎಷ್ಟು ಸಾವಿರವೆಂಬುದು ಪ್ರತ್ಯೇಕ ಪ್ರಬಂಧದ ವಸ್ತು. ಫಾರಂ ಇನ್ನೊಬ್ಬರ ಪಾಲಾಯಿತು. …ಣ್ಣನವರು ಹತ್ತು ಸಾವಿರ ರೂಪಾಯಿ ಠೇವಣಿ ಕಟ್ಟಿ ಪಕ್ಷೇತರರಾಗಿ ಹೊಲಿಗೆ ಯಂತ್ರದ ಗುರುತಿನಲ್ಲಿ ನಿಂತರು. (ಇದರಿಂದ ಅವರು ವೃತ್ತಿಯಲ್ಲಿ ದರ್ಜಿಯಾಗಿದ್ದರೆಂದು ತೀರ್ಮಾನಿಸಿದ ಕಿರಿಯ ಸಂಶೋಧಕರನ್ನು ನಾನು ತಿದ್ದಿದ್ದೇನೆ.) ಆರನೇ ಒಂದು ಪಾಲು ಮತ ಬಾರದೆ ಠೇವಣಿ ಹೋಯಿತು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಒಂದು ಮತದಿಂದ ಸೋತವರಿದ್ದಾರೆ. ನಮ್ಮ ನಾಯಕರೂ ಮುಂದೆ ತಮ್ಮ ಸೋಲನ್ನು ಅದೇ ಮಾದರಿಯಲ್ಲಿ ಹೇಳತೊಡಗಿದರು: “ಸ್ವಲ್ಪದ್ರಲ್ಲಿ ಹೋಯ್ತು.”

ಬಚ್ಚಲಿನ ಬಾಗಿಲಾಗಿ ಸಿಕ್ಕ ಪ್ರತಿ ಅತ್ಯಮೂಲ್ಯವಾದದ್ದು. ಒಳಗೆ ಜನವಿದ್ದುದರಿಂದ ಪಡಿಯಚ್ಚು ತೆಗೆಯಲು ಅರ್ಧ ಗಂಟೆ ಕಾಯಬೇಕಾಯಿತು. ಫೋಟೋ ಹಳೆಯದೇ, ಹೆಗಲ ಶಾಲಿನ ಬಣ್ಣ ಮಾತ್ರ ಬದಲಾಗಿದೆ. ಕಿವಿಯ ಹಿಂದೆ ಒಂದಿಷ್ಟು ಕಡೆ ಮೊದಲಿನ ಪಕ್ಷದ ಬಣ್ಣ ಅಳಿಸದೆ ಉಳಿದಿದೆ. ಒಂದು ಬರಹವನ್ನು ಕೆರೆದು ಅದೇ ಕಲ್ಲಿನ ಮೇಲೆ ಇನ್ನೊಂದನ್ನು ಕೆತ್ತಿದ್ದಕ್ಕೆ ಇಷ್ಟು ಸ್ಪಷ್ಟ ನಿದರ್ಶನ ನಾನು ಕಂಡಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲೇ ಬಂದಿತ್ತಲ್ಲ ಎಂದು ಕೇಳುವವರಿಗೆ ಉತ್ತರ: ಅದರ ಹಗ್ಗ ಸದನದೊಳಗೆ ಕಾಲಿಟ್ಟವರಿಗೆ. ಗೂಟವೇ ಸಿಗದ ಹಸುವನ್ನು ಯಾವ ಕಾಯ್ದೆ ಕಟ್ಟಬೇಕು? ಅದು ಎಲ್ಲರ ಹೊಲದಲ್ಲೂ ಮೇಯುತ್ತದೆ.

ಇನ್ನು ದಾನಭಾಗ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಹದಿನಾರೇ ಸಾಲಿನದಾದರೂ ಕಾದಿದ ವೀರನಿಗೆ ಹಳ್ಳಿಯನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. …ಣ್ಣನವರ ಅತಿ ದೀರ್ಘ ಶಾಸನದಲ್ಲಿ ಬಿರುದುಗಳೇ ಹದಿನಾರು ಸಾಲು: ಬಡವರ ಬಂಧು, ಕೊಡುಗೈ ದಾನಿ, ಯುವಕರ ಕಣ್ಮಣಿ, ಅಭಿವೃದ್ಧಿಯ ಹರಿಕಾರ. ಕೊಟ್ಟಿದ್ದೇನೆಂದು ಹುಡುಕಿದರೆ ಒಂದು ಹೈಮಾಸ್ಟ್ ದೀಪ. ಅದನ್ನು ಹಾಕಿಸಿದ್ದು ತಾವೆಂದು ಹೇಳುವ ಇನ್ನೂ ಇಬ್ಬರ ಫ್ಲೆಕ್ಸುಗಳು ಅದೇ ಕಂಬಕ್ಕೆ ಕಟ್ಟಿವೆ. ದೀಪ ಉರಿಯದ ಕಾರಣ ರಾತ್ರಿ ಹೊತ್ತು ಮೂರನ್ನೂ ಓದಲಾಗಲಿಲ್ಲ.

ಶಾಸನವೆಂದ ಮೇಲೆ ಕೊನೆಗೆ ಶಾಪಾಶಯ ಇರಲೇಬೇಕು. ಇದನ್ನು ಅಳಿಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಧಾಟಿಯ ಮಾತು ಫ್ಲೆಕ್ಸಿನಲ್ಲಿ ಎಲ್ಲೂ ಕಾಣದೆ ನನ್ನ ಸಿದ್ಧಾಂತವೇ ಕುಸಿಯುವಂತಿತ್ತು. ಕೆಳಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಿಸಿದವರ ವಿಳಾಸವಿತ್ತು. ಶಾಸನ ಕೆತ್ತಿದ ರೂವಾರಿ ಇನ್ನೂ ಬದುಕಿರುವುದು ಸಂಶೋಧಕರಿಗೆ ಸಿಗುವ ಭಾಗ್ಯವಲ್ಲ. ಹುಡುಕಿಕೊಂಡು ಹೋದೆ. ಮಷೀನಿನ ಮುಂದೆ ಕೂತಿದ್ದವರು ನನ್ನ ಕೈಲಿದ್ದ ತುಂಡನ್ನು ನೋಡಿದ್ದೇ ಎದ್ದು ನಿಂತರು.

“ಪೂರ್ತಿ ಹೆಸರು ಗೊತ್ತಾ ಸ್ವಾಮಿ?” ಎಂದೆ.

“ಗೊತ್ತಿಲ್ದೆ ಏನು! ಮೂರು ಎಲೆಕ್ಷನ್ನಿನ ಬಾಕಿ ಅದೆ. ನಿಮಗೆ ಸಿಕ್ಕಿದ್ರಾ? ಎಲ್ಲವ್ನೆ?”

ಬಳಿಕ ಅವರು …ಣ್ಣನವರ ಪೂರ್ವಿಕರನ್ನೂ ಒಳಗೊಂಡಂತೆ ನುಡಿದದ್ದೇ ನಾನು ಹುಡುಕುತ್ತಿದ್ದ ಶಾಪಾಶಯ. ಅಲ್ಲಿ ಕವಿಲೆಗಿಂತ ದೊಡ್ಡ ಪ್ರಾಣಿಗಳ ಪ್ರಸ್ತಾಪವಿದ್ದು, ಲಿಪ್ಯಂತರವನ್ನು ಇಲ್ಲಿ ಕೊಟ್ಟಿಲ್ಲ.