ಫಲಾನುಭವಿಗಳು ಫೋಟೊಗೆ ಬನ್ನಿ

ಅಂಗವಿಕಲ ಮಕ್ಕಳ ಸಾಧನ ಸಲಕರಣೆಗೆ ದುಡ್ಡಿಲ್ಲ ಅಂತ ಯಾರೂ ಹೇಳಕೂಡದು. ಕೇಂದ್ರದ ಎಡಿಐಪಿ ಯೋಜನೆ 1981ರಿಂದ ಇದೆ. ಪಂಚಾಯಿತಿಯಲ್ಲಿ ಶೇ 5ರ ನಿಧಿ ಇದೆ. ಶಾಲಾ ಮಕ್ಕಳಿಗಂತೂ ಸಮಗ್ರ ಶಿಕ್ಷಣದಲ್ಲಿ ತಲೆಗೆ ವರ್ಷಕ್ಕೆ 3,500 ರೂಪಾಯಿ ಎತ್ತಿಟ್ಟಿದ್ದಾರೆ. ದಿನಕ್ಕೆ ಹತ್ತು ರೂಪಾಯಿಯೂ ಬೀಳದ ಆ ಮೊತ್ತದಲ್ಲೇ ಸಾಧನ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ ಎಲ್ಲ ಮುಗಿಯಬೇಕು. ಅರ್ಥಶಾಸ್ತ್ರಜ್ಞರು ಬಂದು ಕಲಿಯಲಿ.

ಪಡೆಯುವುದು ಸುಲಭ. ನ್ಯೂನತೆ ಶೇ 40 ಇದ್ದರಾಯಿತು. ವೈದ್ಯರು 38 ಎಂದು ಬರೆದರೋ, ಶಾಲೆಯ ಮೆಟ್ಟಿಲ ಮೇಲೆ ತೆವಳುವ ಹುಡುಗ ಕಚೇರಿಯ ಕಡತದಲ್ಲಿ ಓಟಗಾರ. ಹಿಂದೆ ಎಷ್ಟೋ ಅರ್ಜಿಗಳು ‘ನ್ಯೂನತೆ ಕಾಣುವಂಥ ಭಾವಚಿತ್ರ’ ಕೇಳುತ್ತಿದ್ದವು. ಕಿವಿ ಕೇಳದ ಮಗುವನ್ನು ಯಾವ ಭಂಗಿಯಲ್ಲಿ ನಿಲ್ಲಿಸಬೇಕೆಂದು ಸ್ಟುಡಿಯೊದವನೇ ತೀರ್ಮಾನಿಸಬೇಕಿತ್ತು.

ಮುಂದಿನದು ತಪಾಸಣಾ ಶಿಬಿರ. ಕಾಲಿನ ಅಳತೆ ತೆಗೆದುಕೊಂಡು ಹೋಗುತ್ತಾರೆ. ಕ್ಯಾಲಿಪರ್ ಬಂದರೂ ವಿತರಣೆಗೆ ಸಚಿವರ ದಿನಾಂಕ ಸಿಗಬೇಕು. ಮಕ್ಕಳ ಕಾಲಿಗೆ ಶಿಷ್ಟಾಚಾರ ತಿಳಿಯದು, ಅದು ಅಷ್ಟರಲ್ಲಿ ಬೆಳೆದುಬಿಟ್ಟಿರುತ್ತದೆ. ಶಾಮಿಯಾನದಡಿ ಸಾಲಾಗಿ ನಿಂತ ತ್ರಿಚಕ್ರ ವಾಹನಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯುವಂತಿಲ್ಲ, ಫೋಟೊದಲ್ಲಿ ಹೊಸದಾಗಿ ಕಾಣಬೇಕಲ್ಲ! ಆರು ತಿಂಗಳಿಗೆ ಬ್ಯಾಟರಿ ಕೈಕೊಟ್ಟರೆ ಮಾತ್ರ ಅದು ಫಲಾನುಭವಿಯ ಸ್ವಂತ ಸಮಸ್ಯೆ.

ಸರ್ಕಾರವನ್ನೇ ಬೈಯುವುದು ತಪ್ಪು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳೂ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅವರಿಗೂ ಗಾಲಿಕುರ್ಚಿಯೇ ಇಷ್ಟ. ಬೆನ್ನೊರಗಿಗೆ ಲೋಗೊ ಚೆನ್ನಾಗಿ ಹೊಂದುತ್ತದೆ. ರಿಪೇರಿಗೆ, ತರಬೇತಿಗೆ ದುಡ್ಡು ಕೊಟ್ಟರೆ ಲೋಗೊ ಅಂಟಿಸುವುದೆಲ್ಲಿ?

ಇನ್ನು ಅಂಧ ವಿದ್ಯಾರ್ಥಿಗಳಿಗೆ ರಾಜ್ಯ ಕೊಡುವ ಟಾಕಿಂಗ್ ಲ್ಯಾಪ್‌ಟಾಪ್. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ 2006ರಿಂದ ಉಚಿತ, ಕನ್ನಡವನ್ನೂ ಓದುತ್ತದೆ. ಆಸ್ಟ್ರೇಲಿಯಾದಲ್ಲಿ ಅದನ್ನು ಕಟ್ಟಿದ ಇಬ್ಬರೂ ಅಂಧರು. ಶಿಬಿರ, ಶಾಲು, ಹಾರ ಒಂದೂ ಇಲ್ಲದೆ ಹೇಗೆ ಕಟ್ಟಿದರೋ! ಪಾಪ, ಆ ತಂತ್ರಾಂಶಕ್ಕೆ ನಮ್ಮ ಸುತ್ತೋಲೆಗಳ ಪರಿಚಯವಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಾದರೆ ಇಂಗ್ಲಿಷ್ ಅಕ್ಷರಗಳನ್ನು ವಾಂತಿ ಮಾಡುತ್ತದೆ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದರೆ ‘ಎಂಪ್ಟಿ ಡಾಕ್ಯುಮೆಂಟ್’ ಎಂದು ಘೋಷಿಸುತ್ತದೆ. ಆದೇಶದಲ್ಲಿ ಏನೂ ಇಲ್ಲವೆಂದು ಇಷ್ಟು ಧೈರ್ಯವಾಗಿ ಹೇಳುವ ಅಧಿಕಾರಿ ಇಲಾಖೆಯಲ್ಲಿ ಇನ್ನೂ ಹುಟ್ಟಿಲ್ಲ.

ಈ ಸಲದ ಅರ್ಜಿಗೆ ಕೊನೆಯ ದಿನ ಯಾವುದೆಂದು ತಿಳಿಯಲು ಅಂಧ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಪಕ್ಕದ ಮನೆಯವರನ್ನು ಕೂಗಬೇಕು.